ಮಗು ಹೊರುವ ಬೆನ್ನುಚೀಲ

ಮಗು ಹೊರುವ ಬೆನ್ನುಚೀಲವು ಆಸರೆಯಿಲ್ಲದೆ ಕುಳಿತುಕೊಳ್ಳಬಲ್ಲ ಮಗುವನ್ನು ದೊಡ್ಡವರೊಬ್ಬರು ಬೆನ್ನಿನ ಮೇಲೆ ನೆಟ್ಟಗೆ ಕೂರಿಸಿಕೊಂಡು ನಡೆಯಲು ರಚಿಸಿದ ಸಾಧನ. ಗಟ್ಟಿಯಾದ ಚೌಕಟ್ಟು, ಬಟ್ಟೆಯ ಆಸನ, ಮಗುವನ್ನು ಹಿಡಿದಿಡುವ ಕಟ್ಟುಪಟ್ಟಿ, ಹೊರುವವರ ಹೆಗಲು ಮತ್ತು ಸೊಂಟಕ್ಕೆ ಬಿಗಿಯುವ ಪಟ್ಟಿಗಳು ಇದರ ಮುಖ್ಯ ಭಾಗಗಳು. ಅಂಗಡಿಗಳಲ್ಲಿ ಇದನ್ನು ‘ಚೈಲ್ಡ್ ಕ್ಯಾರಿಯರ್’ ಅಥವಾ ‘ಬೇಬಿ ಬ್ಯಾಕ್‌ಪ್ಯಾಕ್’ ಎಂದು ಕರೆಯುವುದು ವಾಡಿಕೆ. ಚಾರಣದ ಹಾದಿ, ಬೆಟ್ಟದ ಮೆಟ್ಟಿಲು, ಮರಳಿನ ದಂಡೆ ಮುಂತಾಗಿ ತಳ್ಳುಗಾಡಿ ಸಾಗದ ಕಡೆಗಳಲ್ಲಿ ಇದು ಉಪಯುಕ್ತ.

ಒಂದೇ ಚೀಲವನ್ನು ಎರಡು ದೇಹಗಳಿಗೆ ಹೊಂದಿಸಬೇಕಾಗುವುದು ಈ ಸಾಧನದ ವೈಶಿಷ್ಟ್ಯ. ಹೊರುವವರು ತಮಗಾಗುವ ತೊಂದರೆಯನ್ನು ಕೂಡಲೇ ಅರಿತು ಪಟ್ಟಿಯನ್ನು ಸಡಿಲಿಸಿಕೊಳ್ಳಬಲ್ಲರು. ಮಗುವಿಗಾದರೋ ತನ್ನ ಕಷ್ಟವನ್ನು ಹೇಳಲು ಮಾತು ಬರುವುದಿಲ್ಲ. ಬೆನ್ನ ಹಿಂದೆ ಕುಳಿತಿರುವುದರಿಂದ ಅದರ ಮುಖವೂ ಹೊರುವವರಿಗೆ ಕಾಣುವುದಿಲ್ಲ. ಆದುದರಿಂದ ನಡಿಗೆಗೆ ಮೊದಲು ಕ್ರಮವಾಗಿ ಮಾಡುವ ಹೊಂದಾಣಿಕೆ ಮತ್ತು ನಡುನಡುವೆ ನಿಂತು ಮಗುವನ್ನು ನೋಡುವ ಅಭ್ಯಾಸ, ಇವೆರಡರ ಮೇಲೆಯೇ ಸುರಕ್ಷತೆ ನಿಂತಿದೆ.

ಹಿನ್ನೆಲೆ

ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಕೆಲಸ ಮಾಡುವ ಪದ್ಧತಿ ಜಗತ್ತಿನ ಅನೇಕ ಸಮಾಜಗಳಲ್ಲಿ ಹಿಂದಿನಿಂದಲೂ ಇದೆ. ಆರ್ಕ್ಟಿಕ್ ಪ್ರದೇಶದ ಇನ್ಯುಯಿಟ್ ತಾಯಂದಿರು ‘ಅಮೌಟಿ’ ಎಂಬ ಮೇಲಂಗಿಯ ಬೆನ್ನಿನ ಚೀಲದಲ್ಲಿ ಕೂಸನ್ನು ಇರಿಸಿಕೊಳ್ಳುತ್ತಾರೆ. ಉತ್ತರ ಅಮೆರಿಕದ ಮೂಲನಿವಾಸಿಗಳಲ್ಲಿ ಹಲಗೆಯ ತೊಟ್ಟಿಲನ್ನು ಬೆನ್ನಿಗೇರಿಸುವ ರೂಢಿಯಿತ್ತು. ಕೊರಿಯಾದ ‘ಪೊಡೇಗಿ’ ಮತ್ತು ಆಫ್ರಿಕಾದ ಹಲವು ದೇಶಗಳ ಬಟ್ಟೆಯ ಕಟ್ಟುಗಳೂ ಇದೇ ಉದ್ದೇಶದವು. ಭಾರತದ ಈಶಾನ್ಯ ರಾಜ್ಯಗಳಲ್ಲಿ ಇಂದಿಗೂ ಮಗುವನ್ನು ಬಟ್ಟೆಯಿಂದ ಬೆನ್ನಿಗೆ ಕಟ್ಟಿಕೊಳ್ಳುವುದು ಸಾಮಾನ್ಯ ದೃಶ್ಯ. ಕರ್ನಾಟಕದಲ್ಲಿ ಮಗುವನ್ನು ಸೊಂಟದ ಮೇಲೆ ಎತ್ತಿಕೊಳ್ಳುವುದೇ ಹೆಚ್ಚು ರೂಢಿಯಲ್ಲಿದ್ದರೂ, ಕೊರವಂಜಿಯ ವೇಷದಲ್ಲಿ ಬುಟ್ಟಿಯೊಡನೆ ಬಟ್ಟೆಯಲ್ಲಿ ಕಟ್ಟಿದ ಕೂಸೂ ಇರುವುದುಂಟು.

ಅಮೆರಿಕದ ದಾದಿ ಆ್ಯನ್ ಮೂರ್ ಅವರು 1960ರ ದಶಕದ ಆರಂಭದಲ್ಲಿ ಪೀಸ್ ಕೋರ್ ಸ್ವಯಂಸೇವಕಿಯಾಗಿ ಪಶ್ಚಿಮ ಆಫ್ರಿಕಾದ ಟೋಗೋ ದೇಶದಲ್ಲಿದ್ದರು. ಅಲ್ಲಿನ ತಾಯಂದಿರು ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದ ರೀತಿಯಿಂದ ಪ್ರೇರಣೆ ಪಡೆದು, ಸ್ವದೇಶಕ್ಕೆ ಮರಳಿದ ಮೇಲೆ ತಮ್ಮ ತಾಯಿಯ ನೆರವಿನಿಂದ ‘ಸ್ನಗ್ಲಿ’ ಎಂಬ ಬಟ್ಟೆಯ ಚೀಲವನ್ನು ರೂಪಿಸಿ 1969ರಲ್ಲಿ ಹಕ್ಕುಸ್ವಾಮ್ಯ ಪಡೆದರು. ಚೌಕಟ್ಟುಳ್ಳ ಬೆನ್ನುಚೀಲದ ಬೆಳವಣಿಗೆ ಇದಕ್ಕಿಂತ ಭಿನ್ನವಾದುದು. ಪರ್ವತಾರೋಹಿಗಳು ಸಾಮಾನು ಹೊರಲು ಬಳಸುತ್ತಿದ್ದ ಅಲ್ಯೂಮಿನಿಯಂ ಚೌಕಟ್ಟಿಗೆ ಮಗುವಿನ ಆಸನವನ್ನು ಜೋಡಿಸಿದ್ದರಿಂದ ಅದು ಹುಟ್ಟಿತು. ಹೀಗಾಗಿ ಇಂದಿನ ಚೀಲದಲ್ಲಿ ಎರಡು ಪರಂಪರೆಗಳು ಸೇರಿವೆ: ಹೊರೆಯನ್ನು ಹೊರುವ ವಿದ್ಯೆ ಹಾಗೂ ಕೂಸನ್ನು ಕಟ್ಟಿಕೊಳ್ಳುವ ವಿದ್ಯೆ.

ರಚನೆ

ಚೌಕಟ್ಟನ್ನು ಸಾಮಾನ್ಯವಾಗಿ ಅಲ್ಯೂಮಿನಿಯಂ ಕೊಳವೆಗಳಿಂದ ಮಾಡಿರುತ್ತಾರೆ. ಅದರ ಕೆಳಭಾಗದಲ್ಲಿ ಹಿಂದಕ್ಕೆ ತೆರೆದುಕೊಳ್ಳುವ ಸ್ಟ್ಯಾಂಡ್ ಇರುತ್ತದೆ. ಮಗುವನ್ನು ಕೂರಿಸುವಾಗ ಮತ್ತು ಇಳಿಸುವಾಗ ಚೀಲವು ನೆಲದ ಮೇಲೆ ತಾನಾಗಿ ನಿಲ್ಲುವಂತೆ ಮಾಡುವುದು ಇದರ ಕೆಲಸ. ಇತರ ಭಾಗಗಳು ಹೀಗಿವೆ:

• ಸೊಂಟಪಟ್ಟಿ: ಮೆತ್ತೆಯುಳ್ಳ ಅಗಲವಾದ ಪಟ್ಟಿ. ಹೊರೆಯ ಬಹುಪಾಲು ಇದರ ಮೂಲಕ ಸೊಂಟದ ಮೂಳೆಗಳಿಗೆ ಇಳಿಯುತ್ತದೆ.
• ಭುಜಪಟ್ಟಿಗಳು: ಚೀಲ ಹಿಂದಕ್ಕೆ ವಾಲದಂತೆ ಬೆನ್ನಿಗೆ ಹತ್ತಿರ ಹಿಡಿದಿಡುತ್ತವೆ.
• ಮೇಲ್ಸೆಳೆ ಪಟ್ಟಿಗಳು: ಭುಜಪಟ್ಟಿಯ ನೆತ್ತಿಯಿಂದ ಚೌಕಟ್ಟಿಗೆ ಓರೆಯಾಗಿ ಹೋಗುವ ಸಣ್ಣ ಪಟ್ಟಿಗಳು. ಇವನ್ನು ‘ಲೋಡ್ ಲಿಫ್ಟರ್’ ಎನ್ನುತ್ತಾರೆ.
• ಎದೆಪಟ್ಟಿ: ಎರಡು ಭುಜಪಟ್ಟಿಗಳು ಬದಿಗೆ ಜಾರದಂತೆ ಎದೆಯ ಮುಂದೆ ಜೋಡಿಸುವ ಪಟ್ಟಿ.
• ಮಗುವಿನ ಆಸನ ಮತ್ತು ಕಟ್ಟುಪಟ್ಟಿ: ಆಸನದ ಎತ್ತರವನ್ನು ಬದಲಿಸಬಹುದು. ಕಟ್ಟುಪಟ್ಟಿಯು ಮಗುವಿನ ಎರಡೂ ಭುಜಗಳ ಮೇಲೆ ಹಾದು ಬಂದು ಬಕಲ್‌ನಲ್ಲಿ ಸೇರುತ್ತದೆ.
• ಕಾಲಾಸರೆ: ಕುದುರೆಯ ಜೀನಿನ ರಿಕಾಪಿನಂತೆ ಮಗುವಿನ ಪಾದಗಳಿಗೆ ಆಧಾರ ಕೊಡುವ ಕುಣಿಕೆ.
• ಬಿಸಿಲುಮರೆ: ಬಿಸಿಲು ಮತ್ತು ತುಂತುರು ಮಳೆಯಿಂದ ರಕ್ಷಿಸುವ ಮೇಲ್ಛಾವಣಿ.

ಯಾವ ಮಗುವಿಗೆ ಸೂಕ್ತ

ಆಸರೆಯಿಲ್ಲದೆ ಕುಳಿತುಕೊಳ್ಳುವ ಸಾಮರ್ಥ್ಯವೇ ಇಲ್ಲಿ ಮೊದಲ ಅರ್ಹತೆ. ವಯಸ್ಸಿನ ಲೆಕ್ಕ ಆಮೇಲಿನದು. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಅಧ್ಯಯನದ ಪ್ರಕಾರ ಆರೋಗ್ಯವಂತ ಮಕ್ಕಳು ಈ ಹಂತವನ್ನು 3.8ರಿಂದ 9.2 ತಿಂಗಳವರೆಗಿನ ಅವಧಿಯಲ್ಲಿ ತಲಪುತ್ತಾರೆ. ಅಂತರ ಇಷ್ಟು ಹೆಚ್ಚಿರುವುದರಿಂದ ‘ಆರು ತಿಂಗಳಾಯಿತು’ ಎಂಬುದಷ್ಟನ್ನೇ ಆಧಾರವಾಗಿಟ್ಟುಕೊಳ್ಳುವಂತಿಲ್ಲ. ಚಾಪೆಯ ಮೇಲೆ ಕೂರಿಸಿದಾಗ ಮಗು ಕೈಯೂರದೆ ಸ್ವಲ್ಪ ಹೊತ್ತು ನೆಟ್ಟಗೆ ಕುಳಿತು, ಅತ್ತಿತ್ತ ತಿರುಗಿ ನೋಡಬಲ್ಲುದೇ ಎಂಬುದನ್ನು ಗಮನಿಸಬೇಕು. ಅವಧಿಗೆ ಮುನ್ನ ಹುಟ್ಟಿದ ಮಕ್ಕಳು ಹಾಗೂ ಸ್ನಾಯುಗಳ ದೌರ್ಬಲ್ಯವುಳ್ಳ ಮಕ್ಕಳ ವಿಷಯದಲ್ಲಿ ಮಕ್ಕಳ ವೈದ್ಯರ ಅಭಿಪ್ರಾಯ ಪಡೆಯುವುದು ಅಗತ್ಯ.

ಈ ನಿಯಮಕ್ಕೆ ಕಾರಣ ಶಿಶುವಿನ ದೇಹರಚನೆಯಲ್ಲಿದೆ. ಹುಟ್ಟಿದ ಮಗುವಿನ ತಲೆಯು ಅದರ ಒಟ್ಟು ಉದ್ದದ ಸುಮಾರು ಕಾಲುಭಾಗದಷ್ಟಿರುತ್ತದೆ. ಕುತ್ತಿಗೆ ಬಲಿಯದ ಮಗುವನ್ನು ನೆಟ್ಟಗೆ ಕೂರಿಸಿದರೆ ಆ ಭಾರಕ್ಕೆ ತಲೆ ಮುಂದಕ್ಕೆ ಬಾಗಿ, ಗಲ್ಲ ಎದೆಗೆ ತಗುಲುತ್ತದೆ. ಆಗ ಮೃದುವಾದ ಶ್ವಾಸನಾಳ ಮಡಿಸಿದಂತಾಗಿ ಉಸಿರಾಟಕ್ಕೆ ಅಡ್ಡಿಯಾಗುತ್ತದೆ. ಅಳಲು ಬೇಕಾದ ಗಾಳಿಯೂ ಸಿಗದಿರುವುದರಿಂದ ಈ ಅಪಾಯ ಸದ್ದಿಲ್ಲದೆ ಒದಗುತ್ತದೆ. ಇನ್ನೂ ಕುಳಿತುಕೊಳ್ಳಲಾರದ ಶಿಶುವನ್ನು ಮುಖ ಕಾಣುವಂತೆ ಎದೆಗೆ ಕಟ್ಟಿಕೊಳ್ಳುವ, ಆ ವಯಸ್ಸಿಗೆಂದೇ ಮಾಡಿದ ಮೃದುಚೀಲದಲ್ಲಿ ಹೊರಬೇಕು.

ತೂಕದ ಲೆಕ್ಕ

ಅಮೆರಿಕದ ಮಾನದಂಡದ ಪ್ರಕಾರ ಈ ಬಗೆಯ ಚೀಲಗಳು 16ರಿಂದ 50 ಪೌಂಡ್, ಅಂದರೆ ಸುಮಾರು 7.3ರಿಂದ 22.7 ಕಿಲೋಗ್ರಾಂ ತೂಕದ ಮಕ್ಕಳಿಗಾಗಿ ಇವೆ. ಪ್ರತಿಯೊಂದು ಚೀಲಕ್ಕೂ ತಯಾರಕರು ನಿಗದಿಪಡಿಸಿದ ಮಿತಿ ಬೇರೆಯಾಗಿರಬಹುದು. ಕೆಲವರು ಮಗುವಿನ ತೂಕಕ್ಕೆ ಮಾತ್ರ ಮಿತಿ ಹೇಳಿದರೆ, ಇನ್ನು ಕೆಲವರು ಮಗು, ಸಾಮಾನು ಮತ್ತು ಚೀಲ ಮೂರನ್ನೂ ಸೇರಿಸಿ ಹೇಳುತ್ತಾರೆ. ಚೀಲದ ಮೇಲಿನ ಚೀಟಿಯನ್ನು ಓದುವಾಗ ಈ ವ್ಯತ್ಯಾಸವನ್ನು ಗಮನಿಸಬೇಕು.

ಒಂದು ಉದಾಹರಣೆ: ಮಗು 15 ಕಿಲೋ, ಚೀಲ 3.3 ಕಿಲೋ, 2 ಲೀಟರ್ ನೀರು 2 ಕಿಲೋ, ಬಟ್ಟೆ ಮತ್ತು ಆಹಾರ 1.5 ಕಿಲೋ ಆದರೆ ಒಟ್ಟು 21.8 ಕಿಲೋ ಆಗುತ್ತದೆ. ಎಲ್ಲವನ್ನೂ ಸೇರಿಸಿ 22 ಕಿಲೋ ಮಿತಿಯಿರುವ ಚೀಲದಲ್ಲಿ ಇದಕ್ಕೆ ಮತ್ತೊಂದು ನೀರಿನ ಬಾಟಲಿಯನ್ನು ಸೇರಿಸುವಂತಿಲ್ಲ. ಚೀಲದ ಮಿತಿಯಷ್ಟೇ ಹೊರುವವರ ಶಕ್ತಿಯೂ ಮುಖ್ಯ. ಮೊದಲು ಅಷ್ಟೇ ತೂಕದ ಅಕ್ಕಿ ಅಥವಾ ನೀರಿನ ಬಾಟಲಿಗಳನ್ನು ಆಸನದಲ್ಲಿ ಭದ್ರವಾಗಿ ಕಟ್ಟಿ, ಮನೆಯ ಸುತ್ತ ಹಾಗೂ ಮೆಟ್ಟಿಲುಗಳ ಮೇಲೆ ನಡೆದು ಅಭ್ಯಾಸ ಮಾಡುವುದು ಒಳ್ಳೆಯದು. ಆದರೆ ಮಗು ಅಕ್ಕಿಯ ಮೂಟೆಯಂತೆ ಅಲುಗದೆ ಕೂರುವುದಿಲ್ಲ. ಪಕ್ಕಕ್ಕೆ ವಾಲುತ್ತದೆ, ಹಿಂದಕ್ಕೆ ಜಗ್ಗುತ್ತದೆ. ಹಾಗಾಗಿ ಮಗುವನ್ನು ಕೂರಿಸಿದ ಮೇಲಿನ ಮೊದಲ ನಡಿಗೆಗಳು ಸಮತಟ್ಟಾದ ಜಾಗದಲ್ಲಿ, ಹತ್ತು ಹದಿನೈದು ನಿಮಿಷಗಳಷ್ಟಿರುವುದು ಸೂಕ್ತ.

ಹೊರುವವರಿಗೆ ಹೊಂದಿಸುವ ಕ್ರಮ

ಹೊರುವವರ ಅಳತೆಯನ್ನು ಚೀಲ ಖಾಲಿಯಿರುವಾಗಲೇ ಹೊಂದಿಸಬೇಕು. ಇಲ್ಲಿ ಗಣನೆಗೆ ಬರುವುದು ಬೆನ್ನಿನ ಉದ್ದವೇ ಹೊರತು ವ್ಯಕ್ತಿಯ ಎತ್ತರವಲ್ಲ. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರಿಗೆ ಕಾಲು ಉದ್ದ, ಇನ್ನೊಬ್ಬರಿಗೆ ಬೆನ್ನು ಉದ್ದ ಇರಬಹುದು. ತಲೆಯನ್ನು ಮುಂದಕ್ಕೆ ಬಗ್ಗಿಸಿದಾಗ ಕುತ್ತಿಗೆಯ ಬುಡದಲ್ಲಿ ಎದ್ದು ಕಾಣುವ ಮೂಳೆಯಿಂದ ಸೊಂಟದ ಮೂಳೆಗಳ ಮೇಲಂಚಿನ ಮಟ್ಟದವರೆಗೆ ಟೇಪು ಹಿಡಿದರೆ ಈ ಅಳತೆ ದೊರೆಯುತ್ತದೆ. ಅಳತೆಗೆ ಇನ್ನೊಬ್ಬರ ನೆರವು ಬೇಕು. ದೊರೆತ ಅಳತೆಗೆ ತಕ್ಕಂತೆ ಚೀಲದ ಬೆನ್ನುಭಾಗವನ್ನು ಮೇಲೆ ಅಥವಾ ಕೆಳಗೆ ಸರಿಸಿಕೊಳ್ಳಬೇಕು.

ಅನಂತರ ಎಲ್ಲ ಪಟ್ಟಿಗಳನ್ನೂ ಸಡಿಲಿಸಿ ಚೀಲವನ್ನು ಹೊತ್ತು, ಕೆಳಗಿನ ಕ್ರಮದಲ್ಲಿ ಬಿಗಿಯಬೇಕು:

1. ಸೊಂಟಪಟ್ಟಿ: ಪಟ್ಟಿಯ ಮಧ್ಯಭಾಗ ಸೊಂಟದ ಮೂಳೆಗಳ ಮೇಲಂಚಿನ ಮೇಲೆ ಕೂರುವಂತೆ ಇರಿಸಿ ಬಿಗಿಯಬೇಕು. ಹೊಟ್ಟೆಯ ಮೇಲಿದ್ದರೆ ಉಸಿರು ಕಟ್ಟಿದಂತಾಗುತ್ತದೆ; ಮೂಳೆಗಿಂತ ಕೆಳಗಿದ್ದರೆ ಹೊರೆಯೆಲ್ಲ ಜಾರಿ ಹೆಗಲಿಗೆ ಬೀಳುತ್ತದೆ.
2. ಭುಜಪಟ್ಟಿಗಳು: ಹೆಗಲಿನ ಮೇಲೆ ಸಂದಿಲ್ಲದೆ ಕೂರುವಷ್ಟು ಬಿಗಿದರೆ ಸಾಕು. ಸೊಂಟಪಟ್ಟಿ ಮೇಲಕ್ಕೆ ಎಳೆದಂತಾದರೆ ಬಿಗಿ ಹೆಚ್ಚಾಗಿದೆ ಎಂದರ್ಥ.
3. ಮೇಲ್ಸೆಳೆ ಪಟ್ಟಿಗಳು: ಇವು ಭುಜದಿಂದ ಚೌಕಟ್ಟಿಗೆ ಸುಮಾರು 45 ಡಿಗ್ರಿ ಓರೆಯಲ್ಲಿರಬೇಕು. ಎಳೆದಾಗ ಚೀಲದ ಮೇಲ್ಭಾಗ ದೇಹಕ್ಕೆ ಹತ್ತಿರವಾಗುತ್ತದೆ.
4. ಎದೆಪಟ್ಟಿ: ಕೊನೆಯಲ್ಲಿ, ಉಸಿರಾಟಕ್ಕೆ ತೊಡಕಾಗದಷ್ಟು ಮಾತ್ರ ಬಿಗಿಯಬೇಕು.

ಕ್ರಮ ತಪ್ಪಿ ಭುಜಪಟ್ಟಿಯನ್ನೇ ಮೊದಲು ಬಿಗಿದರೆ ಹೊರೆ ಹೆಗಲಿನಿಂದ ತೂಗುತ್ತದೆ. ಕೆಲವೇ ಹೊತ್ತಿನಲ್ಲಿ ಕುತ್ತಿಗೆ ನೋಯುತ್ತದೆ, ಹೊರುವವರು ನೋವಿನಿಂದ ಮುಂದಕ್ಕೆ ಬಾಗಿ ನಡೆಯತೊಡಗುತ್ತಾರೆ, ಅವರೊಡನೆ ಮಗುವೂ ಮುಂದಕ್ಕೆ ವಾಲುತ್ತದೆ. ತಂದೆ ತಾಯಿ ಇಬ್ಬರೂ ಸರದಿಯಂತೆ ಹೊರುವುದಾದರೆ ಪ್ರತಿಯೊಂದು ಬದಲಾವಣೆಯಲ್ಲೂ ಬೆನ್ನಿನ ಅಳತೆಯನ್ನು ಹೊಸದಾಗಿ ಹೊಂದಿಸಬೇಕು. ಇಬ್ಬರ ಅಳತೆಯ ಸ್ಥಾನಗಳನ್ನೂ ಚೀಲದ ಮೇಲೆ ಬಣ್ಣದ ದಾರದಿಂದ ಗುರುತಿಟ್ಟುಕೊಂಡರೆ ಸಮಯ ಉಳಿಯುತ್ತದೆ.

ಮಗುವಿಗೆ ಹೊಂದಿಸುವ ಕ್ರಮ

ಚೀಲವನ್ನು ಗಟ್ಟಿಯಾದ ಸಮತಟ್ಟು ನೆಲದ ಮೇಲಿರಿಸಿ, ಸ್ಟ್ಯಾಂಡ್ ಪೂರ್ತಿ ತೆರೆದು ಸಿಕ್ಕಿಕೊಂಡಿದೆಯೇ ಎಂದು ಕೈಯಿಂದ ಒತ್ತಿ ನೋಡಬೇಕು. ಮಗುವನ್ನು ಆಸನದಲ್ಲಿ ಇಳಿಸುವಾಗ ಎರಡೂ ಕಾಲುಗಳು ಪ್ರತ್ಯೇಕ ಕಿಂಡಿಗಳಲ್ಲಿ ಬರಬೇಕು. ಬಳಿಕ ಇವನ್ನು ಪರಿಶೀಲಿಸಬೇಕು:

• ಆಸನದ ಎತ್ತರ: ಮಗುವಿನ ಗಲ್ಲ ಮುಂದಿನ ಮೆತ್ತೆಯ ಮೇಲಂಚಿಗಿಂತ ತುಸು ಮೇಲಿರಬೇಕು. ಆಸನ ತಗ್ಗಾದರೆ ಬಾಯಿ ಮತ್ತು ಮೂಗು ಮೆತ್ತೆಗೆ ಒತ್ತುತ್ತವೆ; ಎತ್ತರವಾದರೆ ಮಗುವಿನ ಎದೆಯ ಭಾಗ ಚೀಲದಿಂದ ಹೊರಚಾಚಿ ವಾಲುತ್ತದೆ.
• ಕಟ್ಟುಪಟ್ಟಿ: ಎರಡೂ ತೋಳುಗಳು ಪಟ್ಟಿಯೊಳಗೆ ಬಂದಿರಬೇಕು. ಪಟ್ಟಿ ತಿರುಚಿರಬಾರದು. ಬಕಲ್ ‘ಟಕ್’ ಎಂದ ಮೇಲೂ ಒಮ್ಮೆ ಜಗ್ಗಿ ನೋಡಬೇಕು.
• ಕಾಲಿನ ಕಿಂಡಿ: ತೊಡೆಯ ಸುತ್ತ ಬಿಡುವು ಹೆಚ್ಚಿರಬಾರದು. ಸಣ್ಣ ಮಗು ದೊಡ್ಡ ಕಿಂಡಿಯ ಮೂಲಕ ಕೆಳಕ್ಕೆ ಜಾರುವ ಸಂಭವವಿದೆ.
• ತೊಡೆ ಮತ್ತು ಮೊಣಕಾಲು: ಆಸನವು ಒಂದು ಮೊಣಕಾಲಿನ ಹಿಂಭಾಗದಿಂದ ಇನ್ನೊಂದರವರೆಗೆ ತೊಡೆಗಳಿಗೆ ಆಧಾರ ಕೊಡಬೇಕು. ಮೊಣಕಾಲುಗಳು ಪೃಷ್ಠದ ಮಟ್ಟದಲ್ಲಿ ಅಥವಾ ಸ್ವಲ್ಪ ಮೇಲಿದ್ದರೆ ಸೊಂಟದ ಕೀಲುಗಳಿಗೆ ಹಿತ.
• ಕಾಲಾಸರೆ: ಪಾದಗಳು ಕುಣಿಕೆಯಲ್ಲಿದ್ದು ಮೊಣಕಾಲು ಸುಮಾರು ಲಂಬಕೋನದಲ್ಲಿ ಮಡಿಸಿರಬೇಕು. ಕಾಲುಗಳು ಬರಿದೇ ನೇತಾಡಿದರೆ ಆಸನದ ಅಂಚು ತೊಡೆಯನ್ನು ಒತ್ತಿ ರಕ್ತಸಂಚಾರ ಕುಂದುತ್ತದೆ.

ಮಕ್ಕಳು ಬೇಗ ಬೆಳೆಯುವುದರಿಂದ ಒಮ್ಮೆ ಹೊಂದಿಸಿದ ಅಳತೆ ಬಹಳ ಕಾಲ ನಿಲ್ಲುವುದಿಲ್ಲ. ದಪ್ಪ ಸ್ವೆಟರ್ ತೊಡಿಸಿದ ದಿನದ ಬಿಗಿ ತೆಳು ಅಂಗಿಯ ದಿನ ಸಡಿಲವಾಗುತ್ತದೆ. ಪ್ರತಿಸಲವೂ ಪರಿಶೀಲನೆ ಬೇಕೆನ್ನುವುದು ಇದೇ ಕಾರಣಕ್ಕೆ.

ಎತ್ತುವುದು ಮತ್ತು ಇಳಿಸುವುದು

ಸಾಧ್ಯವಿದ್ದಲ್ಲಿ ಮತ್ತೊಬ್ಬರ ನೆರವಿನಿಂದ ಎತ್ತುವುದು ಉತ್ತಮ. ಒಬ್ಬರೇ ಎತ್ತುವಾಗ ಮೊಣಕಾಲು ಮಡಿಸಿ, ಬೆನ್ನನ್ನು ನೇರವಾಗಿರಿಸಿಕೊಂಡು, ಚೌಕಟ್ಟಿನ ಹಿಡಿಕೆಗಳನ್ನು ಎರಡೂ ಕೈಗಳಿಂದ ಹಿಡಿದು ಚೀಲವನ್ನು ಮೊದಲು ತೊಡೆಯ ಮೇಲೆ ತಂದುಕೊಳ್ಳಬೇಕು. ಅಲ್ಲಿಂದ ಒಂದು ತೋಳನ್ನು ಭುಜಪಟ್ಟಿಯಲ್ಲಿ ತೂರಿಸಿ, ಚೀಲವನ್ನು ನಿಧಾನವಾಗಿ ಬೆನ್ನಿಗೆ ಸರಿಸಿ, ಇನ್ನೊಂದು ತೋಳನ್ನು ತೂರಿಸಬೇಕು. ಕೂಡಲೇ ಸೊಂಟಪಟ್ಟಿಯಿಂದ ಆರಂಭಿಸಿ ಉಳಿದ ಪಟ್ಟಿಗಳನ್ನು ಬಿಗಿಯಬೇಕು. ಸ್ಟ್ಯಾಂಡ್ ಮಡಿಸಿರಬೇಕು, ತೆರೆದೇ ಉಳಿದರೆ ಪೊದೆಗೋ ಬಾಗಿಲಿಗೋ ಸಿಕ್ಕಿಕೊಳ್ಳುತ್ತದೆ. ಮನೆಯೊಳಗೆ ತಿರುಗುತ್ತಿರುವ ಸೀಲಿಂಗ್ ಫ್ಯಾನಿನ ಕೆಳಗೆ ಚೀಲವನ್ನು ಎತ್ತಲೇಬಾರದು. ಮಗುವಿನ ತಲೆ ಹೊರುವವರ ತಲೆಗಿಂತ ಮೇಲಿರುತ್ತದೆ, ಅದು ಚಾಚಿದ ಕೈ ಇನ್ನೂ ಮೇಲಕ್ಕೆ ಹೋಗುತ್ತದೆ.

ಇಳಿಸುವಾಗ ಎದೆಪಟ್ಟಿಯನ್ನು ಮೊದಲು ಬಿಚ್ಚಿ, ಭುಜಪಟ್ಟಿಗಳನ್ನು ಸಡಿಲಿಸಿ, ಸೊಂಟಪಟ್ಟಿಯನ್ನು ಕೊನೆಗೆ ಬಿಚ್ಚಬೇಕು. ಚೀಲ ನೆಲ ಮುಟ್ಟುವ ಮೊದಲೇ ಸ್ಟ್ಯಾಂಡ್ ತೆರೆದಿರಬೇಕು. ಮಗುವಿನ ಕಟ್ಟುಪಟ್ಟಿಯನ್ನು ಚೀಲ ನೆಲದ ಮೇಲೆ ಸ್ಥಿರವಾಗಿ ನಿಂತ ಮೇಲೆಯೇ ಬಿಚ್ಚಬೇಕು. ಮಗು ಒಳಗಿರುವಾಗ ಚೀಲವನ್ನು ಮೇಜು, ಕಟ್ಟೆ, ಬಂಡೆ, ವಾಹನದ ಬಾನೆಟ್ಟು ಮುಂತಾದ ಎತ್ತರದ ಜಾಗಗಳಲ್ಲಿ ಇಡುವಂತಿಲ್ಲ. ನೆಲದ ಮೇಲೆ ನಿಲ್ಲಿಸಿದಾಗಲೂ ಒಂದು ಕೈ ಚೌಕಟ್ಟಿನ ಮೇಲಿರಬೇಕು. ಸ್ಟ್ಯಾಂಡ್ ಇರುವುದು ಕೂರಿಸುವ ಮತ್ತು ಇಳಿಸುವ ಅನುಕೂಲಕ್ಕೆ ಮಾತ್ರ. ನಿಂತ ಚೀಲವನ್ನು ಕುರ್ಚಿಯಂತೆ ಬಳಸಬಾರದು. ಒಳಗಿರುವ ಮಗು ಹಿಂದಕ್ಕೆ ಜೋರಾಗಿ ಜಗ್ಗಿದರೆ ಚೀಲ ಮಗುಚಿಬೀಳಬಹುದು.

ನಡೆಯುವಾಗ ಗಮನಿಸಬೇಕಾದವು

ಹೊತ್ತವರು ಸೊಂಟದಿಂದ ಮುಂದಕ್ಕೆ ಬಗ್ಗಬಾರದು. ಬಗ್ಗಿದಾಗ ಮಗುವಿನ ಭಾರ ಹೊರುವವರ ತಲೆಯ ಮೇಲಿಂದ ಮುಂದಕ್ಕೆ ಬರುತ್ತದೆ. ಕಟ್ಟುಪಟ್ಟಿ ಸಡಿಲವಾಗಿದ್ದರೆ ಮಗು ಮುಗ್ಗರಿಸಿ ಬೀಳುತ್ತದೆ. ಚಪ್ಪಲಿಯ ಪಟ್ಟಿ ಸರಿಪಡಿಸಲು, ಬಿದ್ದ ವಸ್ತುವನ್ನು ಎತ್ತಿಕೊಳ್ಳಲು ಮೊಣಕಾಲು ಮಡಿಸಿ ಕುಳಿತುಕೊಳ್ಳಬೇಕು. ಮಲೆನಾಡು ಮತ್ತು ಕರಾವಳಿಯ ಹಳೆಯ ಮನೆಗಳ ತಗ್ಗು ಬಾಗಿಲುಗಳಲ್ಲಿ ಈ ಎಚ್ಚರ ವಿಶೇಷವಾಗಿ ಬೇಕು. ನೆಟ್ಟಗೆ ಹೋದರೆ ಮಗುವಿನ ತಲೆ ಬಾಗಿಲಿನ ಮೇಲ್ಪಟ್ಟಿಗೆ ಬಡಿಯುತ್ತದೆ, ಬಗ್ಗಿ ಹೋದರೆ ಮಗು ಮುಂದಕ್ಕೆ ವಾಲುತ್ತದೆ. ಅಂಥಲ್ಲಿ ಚೀಲವನ್ನು ಹೊರಗೇ ಇಳಿಸಿ ಮಗುವನ್ನು ಕೈಯಲ್ಲಿ ಎತ್ತಿಕೊಂಡು ಹೋಗುವುದೇ ಸರಿ. ಕಾಡುಹಾದಿಯಲ್ಲಿ ಬಾಗಿದ ಕೊಂಬೆ, ಮುಳ್ಳಿನ ಬಳ್ಳಿ ಮತ್ತು ತಂತಿಗಳ ವಿಷಯದಲ್ಲೂ ಹೀಗೆಯೇ.

ಬೆನ್ನಿನ ಮೇಲಿನ ಭಾರದಿಂದ ದೇಹದ ಸಮತೋಲ ಬದಲಾಗುವುದರಿಂದ ಹೆಜ್ಜೆಗಳು ಚಿಕ್ಕದಾಗಿರಬೇಕು. ಪಾದವನ್ನು ಭದ್ರವಾಗಿ ಹಿಡಿಯುವ ಷೂ ಇರಬೇಕು. ಇಳಿಜಾರಿನಲ್ಲಿ ಊರುಗೋಲು ನೆರವಾಗುತ್ತದೆ. ಜೊತೆಯಲ್ಲಿ ಒಬ್ಬರು ಹಿಂದೆ ನಡೆಯುವುದು ಎಲ್ಲಕ್ಕಿಂತ ಒಳ್ಳೆಯ ವ್ಯವಸ್ಥೆ: ಮಗುವಿನ ಮುಖ ಅವರಿಗೆ ಕಾಣುತ್ತದೆ. ಒಬ್ಬರೇ ಇರುವಾಗ ಸಣ್ಣ ಕೈಗನ್ನಡಿ ಉಪಯುಕ್ತ. ಮಗು ನಿದ್ದೆಹೋದರೆ ನಿಂತು, ತಲೆಗೆ ಆಸರೆಯಿದೆಯೇ, ಗಲ್ಲ ಎದೆಗೆ ತಗುಲಿದೆಯೇ, ಮೂಗು ಬಾಯಿಗಳಿಗೆ ಬಟ್ಟೆ ಅಡ್ಡವಾಗಿದೆಯೇ ಎಂದು ನೋಡಬೇಕು. ಇದ್ದಕ್ಕಿದ್ದಂತೆ ಸುಮ್ಮನಾದ ಮಗುವನ್ನು ‘ನಿದ್ದೆ ಬಂದಿರಬೇಕು’ ಎಂದು ಊಹಿಸಿ ಮುಂದುವರಿಯುವುದು ಸಲ್ಲದು.

ಬಿಸಿಲು, ಚಳಿ ಮತ್ತು ಎತ್ತರ

ಹೊರುವವರ ದೇಹ ನಡಿಗೆಯಿಂದ ಬೆಚ್ಚಗಿರುತ್ತದೆ. ಮಗು ಅಲುಗಾಡದೆ ಕುಳಿತಿರುತ್ತದೆ. ಹೊತ್ತವರು ಬೆವರುತ್ತಿರುವಾಗಲೇ ಮಗು ಚಳಿಯಿಂದ ನಡುಗುತ್ತಿರಬಹುದು. ಆದುದರಿಂದ ತಮ್ಮ ಮೈಯ ಅನುಭವದಿಂದ ಮಗುವಿನ ಸ್ಥಿತಿಯನ್ನು ಅಳೆಯುವಂತಿಲ್ಲ. ಕೈ, ಕಾಲು ಮತ್ತು ಕುತ್ತಿಗೆಯ ಹಿಂಭಾಗವನ್ನು ಮುಟ್ಟಿ ನೋಡುವುದೇ ಸರಿಯಾದ ವಿಧಾನ. ಬಿಸಿಲಿನಲ್ಲಿ ಬಿಸಿಲುಮರೆಯ ಒಳಗೆ ಗಾಳಿಯಾಡುವಂತಿರಬೇಕು. ಅದರ ಮೇಲೆ ದುಪಟ್ಟಾ, ಟವೆಲ್ಲು ಹೊದಿಸಿದರೆ ಒಳಗೆ ಸೆಕೆ ಹೆಚ್ಚುತ್ತದೆ. ಮಗುವನ್ನು ಆಗಾಗ ಚೀಲದಿಂದ ಹೊರತೆಗೆದು ಕೈಕಾಲು ಆಡಿಸಲು ಬಿಟ್ಟು, ವಯಸ್ಸಿಗೆ ತಕ್ಕಂತೆ ಎದೆಹಾಲು ಅಥವಾ ನೀರು ಕೊಡಬೇಕು. ಮಳೆಗಾಲದ ಮಲೆನಾಡಿನಲ್ಲಿ ಚೀಲವನ್ನು ತರಗೆಲೆಗಳ ಮೇಲೆ ಇಳಿಸಿದ್ದರೆ, ಮತ್ತೆ ಹೊರುವ ಮುನ್ನ ಆಸನ ಮತ್ತು ಮಗುವಿನ ಕಾಲುಗಳಲ್ಲಿ ಇಂಬಳಗಳಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಸುಮಾರು 2,500 ಮೀಟರಿಗಿಂತ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆಯಿರುವುದರಿಂದ ಎತ್ತರದ ಕಾಯಿಲೆ ಬರುವ ಸಾಧ್ಯತೆ ಇದೆ. ದೊಡ್ಡವರು ತಲೆನೋವೆಂದು ಹೇಳುತ್ತಾರೆ. ಮಗುವಿನಲ್ಲಿ ಅದು ಹಟ, ಊಟದ ನಿರಾಕರಣೆ, ವಾಂತಿ, ನಿದ್ದೆಗೇಡಿನ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್ ಆಗಿರುವುದರಿಂದ ರಾಜ್ಯದ ಬೆಟ್ಟಗಳಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಹಿಮಾಲಯದ ಪ್ರವಾಸಕ್ಕೆ ಮುನ್ನ ಮಾತ್ರ ವೈದ್ಯರ ಸಲಹೆ ಅಗತ್ಯ.

ಬಳಸಬಾರದ ಸಂದರ್ಭಗಳು

ಓಡುವಾಗ, ಸೈಕಲ್ ಅಥವಾ ಸ್ಕೂಟರ್ ಸವಾರಿಯಲ್ಲಿ, ದೋಣಿಯಲ್ಲಿ, ಅಡುಗೆ ಒಲೆಯ ಮುಂದೆ ಈ ಚೀಲವನ್ನು ಬಳಸಬಾರದು. ಕಾರಿನಲ್ಲಿ ಇದು ಮಕ್ಕಳ ಸುರಕ್ಷತಾ ಆಸನಕ್ಕೆ ಬದಲಿಯಲ್ಲ. ಹೊಳೆ ದಾಟುವಾಗಲೂ ಇದು ಅಪಾಯಕಾರಿ. ಹೊತ್ತವರು ಕಾಲುಜಾರಿದರೆ, ಕಟ್ಟಿರುವ ಮಗುವನ್ನು ನೀರಿನಲ್ಲಿ ಬೇಗನೆ ಬಿಡಿಸಿಕೊಳ್ಳುವುದು ಕಷ್ಟ.

ಮಾನದಂಡಗಳು

ಅಮೆರಿಕದಲ್ಲಿ ಈ ಚೀಲಗಳಿಗೆ ಎಎಸ್‌ಟಿಎಂ ಎಫ್2549 ಎಂಬ ಮಾನದಂಡವಿದೆ. ಕಾಲಿನ ಕಿಂಡಿಗಳ ಅಳತೆ, ಚೌಕಟ್ಟಿನ ಬಲ, ನೆಲದ ಮೇಲೆ ನಿಂತಾಗಿನ ಸ್ಥಿರತೆ, ಕಟ್ಟುಪಟ್ಟಿಯ ಹಿಡಿತ ಮೊದಲಾದ ವಿಷಯಗಳ ಪರೀಕ್ಷೆಗಳು ಅದರಲ್ಲಿವೆ. ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು 2015ರಲ್ಲಿ ಇದನ್ನು ಆಧರಿಸಿ ಕಡ್ಡಾಯ ನಿಯಮವನ್ನು ಪ್ರಕಟಿಸಿತು. ಅದು 2016ರಲ್ಲಿ ಜಾರಿಗೆ ಬಂದಿತು. ಯುರೋಪಿನಲ್ಲಿ ಇಎನ್ 13209 ಮಾನದಂಡದ ಮೊದಲನೆಯ ಭಾಗ ಚೌಕಟ್ಟುಳ್ಳ ಬೆನ್ನುಚೀಲಗಳಿಗೂ ಎರಡನೆಯ ಭಾಗ ಮೃದುಚೀಲಗಳಿಗೂ ಅನ್ವಯಿಸುತ್ತದೆ. ಕೊಳ್ಳುವಾಗ ಚೀಟಿಯ ಮೇಲೆ ಈ ಸಂಖ್ಯೆಗಳಿವೆಯೇ ಎಂದು ನೋಡಬಹುದು.

ಹೆಸರಾಂತ ತಯಾರಕರ ಚೀಲಗಳಲ್ಲೂ ದೋಷ ಕಂಡುಬಂದದ್ದುಂಟು. ಆಸ್ಪ್ರೆ ಸಂಸ್ಥೆಯು 2012ರಿಂದ 2014ರ ನಡುವೆ ತಯಾರಾದ ತನ್ನ ‘ಪೋಕೊ’ ಮಾದರಿಯ ಚೀಲಗಳಲ್ಲಿ ಮಗು ಕಾಲಿನ ಕಿಂಡಿಯ ಮೂಲಕ ಜಾರುವ ಅಪಾಯವಿದೆಯೆಂದು 2016ರಲ್ಲಿ ಅವುಗಳ ಬಗ್ಗೆ ಹಿಂಪಡೆಯುವಿಕೆಯ ಪ್ರಕಟಣೆ ಹೊರಡಿಸಿ, ಆಸನಕ್ಕೆ ಹಾಕುವ ಹೆಚ್ಚುವರಿ ಮೆತ್ತೆಯನ್ನು ಉಚಿತವಾಗಿ ಒದಗಿಸಿತು.

ಹಳೆಯ ಚೀಲಗಳು ಮತ್ತು ನಿರ್ವಹಣೆ

ಮಗು ಬೆಳೆದ ಮೇಲೆ ಚೀಲ ಬಂಧುಗಳ, ಸ್ನೇಹಿತರ ಮನೆಗೆ ಹೋಗುವುದು ಸಹಜ. ವಿದೇಶದಲ್ಲಿರುವ ನೆಂಟರು ಬಳಸಿದ ಚೀಲವನ್ನು ಊರಿಗೆ ತಂದುಕೊಡುವುದೂ ಉಂಟು. ಇಂಥ ಚೀಲವನ್ನು ಬಳಸುವ ಮೊದಲು ಮಾದರಿಯ ಹೆಸರು ಮತ್ತು ತಯಾರಾದ ದಿನಾಂಕವನ್ನು ಚೀಟಿಯಲ್ಲಿ ನೋಡಿ, ಅದು ಹಿಂಪಡೆದ ಮಾದರಿಯೇ ಎಂಬುದನ್ನು ತಯಾರಕರ ಜಾಲತಾಣದಲ್ಲಿ ಪರಿಶೀಲಿಸಬೇಕು. ಬಕಲ್‌ಗಳಲ್ಲಿ ಬಿರುಕು, ಪಟ್ಟಿಗಳಲ್ಲಿ ಎಳೆಬಿಟ್ಟ ಹೊಲಿಗೆ, ಬಿಸಿಲಿಗೆ ಬಿಳಿಚಿ ಪೆಡಸಾದ ಬಟ್ಟೆ, ಚೌಕಟ್ಟಿನಲ್ಲಿ ಬಾಗು, ಸ್ಟ್ಯಾಂಡಿನ ಕೀಲಿನಲ್ಲಿ ಸಡಿಲ ಇವುಗಳಲ್ಲಿ ಯಾವುದು ಕಂಡುಬಂದರೂ ಚೀಲವನ್ನು ಉಪಯೋಗಿಸಬಾರದು. ಹರಿದ ಪಟ್ಟಿಯನ್ನು ಮನೆಯಲ್ಲಿ ಸೂಜಿದಾರದಿಂದ ಹೊಲಿಯುವುದಾಗಲಿ, ಬಕಲ್ಲಿಗೆ ಬದಲಾಗಿ ಗಂಟು ಹಾಕುವುದಾಗಲಿ ತರವಲ್ಲ.

ಚೀಲ ಕೊಳೆಯಾದಾಗ ಸೌಮ್ಯವಾದ ಸಾಬೂನು ನೀರಿನಿಂದ ಒರೆಸಿ ನೆರಳಿನಲ್ಲಿ ಒಣಗಿಸಬೇಕು. ಒದ್ದೆಯಾಗಿಯೇ ಮಡಿಸಿಟ್ಟರೆ ಬೂಷ್ಟು ಹಿಡಿಯುತ್ತದೆ. ಬಹಳ ದಿನ ಅಟ್ಟದಲ್ಲಿಟ್ಟಿದ್ದ ಚೀಲವನ್ನು ಹೊರತೆಗೆದಾಗ ಇಲಿ, ಜಿರಲೆಗಳು ಪಟ್ಟಿಗಳನ್ನು ಕಡಿದಿವೆಯೇ ಎಂಬುದನ್ನು ಬೆಳಕಿನಲ್ಲಿ ಹಿಡಿದು ನೋಡಬೇಕು. ಬಳಕೆಯ ಕೈಪಿಡಿಯನ್ನು ಚೀಲದ ಜೇಬಿನಲ್ಲಿಯೇ ಇರಿಸಿದರೆ ಮುಂದೆ ಅದನ್ನು ಪಡೆಯುವ ಮನೆಯವರಿಗೂ ಉಪಯೋಗವಾಗುತ್ತದೆ.